ಮುಚ್ಚಿದ ಎಲೆಯನ್ನು ಕಂಡ ಕಣ್ಣು

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಲ್ಲಿ 1883ನೆಯ ಇಸವಿಗೆ ವಿಶೇಷವಾದ ಸ್ಥಾನವುಂಟು. ಮೂರು ವರ್ಷಗಳ ಹಿಂದೆ ಹುಟ್ಟಿಕೊಂಡಿದ್ದ ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿಯ ಮೂಲಧನ ಬಹುಮಟ್ಟಿಗೆ ಕರಗಿ, ಅಗೆದಲ್ಲೆಲ್ಲ ಬರಿಯ ಕಲ್ಲೇ ದೊರೆತು, ವ್ಯವಹಾರವನ್ನು ಮುಚ್ಚಿ ಉಳಿದುದನ್ನು ಹಂಚಿಕೊಳ್ಳುವುದೇ ಲೇಸೆಂಬ ಮಾತು ಪಾಲುದಾರರಲ್ಲಿ ಎದ್ದಿದ್ದ ಹೊತ್ತಿನಲ್ಲಿ, ಜಾನ್ ಟೇಲರ್ ಸಂಸ್ಥೆಯವರು ಕೈಯಲ್ಲಿ ಮಿಕ್ಕಿದ್ದ ಅಲ್ಪಧನವನ್ನೂ ಅದೇ ನೆಲಕ್ಕೆ ಹಾಕಬೇಕೆಂದು ಹಟ ಹಿಡಿದರು. ಕ್ಯಾಪ್ಟನ್ ಪ್ಲಮರ್ ಎಂಬ ಗಣಿಗಾರನು ಬಂದು, ಈ ನಾಡಿನ ಪೂರ್ವಿಕರು ಎಂದೋ ತೋಡಿ ಬಿಟ್ಟಿದ್ದ ಹಳೆಯ ಕುಳಿಗಳ ಜಾಡನ್ನೇ ಹಿಡಿದು ಕೆಳಕ್ಕಿಳಿದು, ಮುಂದೆ ಚಾಂಪಿಯನ್ ರೀಫ್ ಎಂದು ಲೋಕವಿಖ್ಯಾತವಾದ ಚಿನ್ನದ ಪದರವನ್ನು ಮುಟ್ಟಿದನು. ಅಲ್ಲಿಂದ ಮೊದಲುಗೊಂಡು 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಆ ನೆಲದೊಳಗಿನಿಂದ ಸುಮಾರು 800 ಟನ್ನುಗಳಷ್ಟು ಚಿನ್ನ ಹೊರಬಂದಿತು.

ಈ ಪ್ರಸಂಗವನ್ನು ಕೆ.ಜಿ.ಎಫ್.ನಲ್ಲಿ ಈಗಲೂ ಅಭಿಮಾನದಿಂದ ಹೇಳುವವರಿದ್ದಾರೆ; ಹೇಳತಕ್ಕದ್ದೇ. ಆದರೆ ಅದೇ ಕಾಲದಲ್ಲಿ, ಇಲ್ಲಿಂದ ನೈಋತ್ಯಕ್ಕೆ ವೈನಾಡಿನ ಕಾಡುಗಳಲ್ಲಿ ಚಿನ್ನ ತೆಗೆಯುವೆವೆಂದು ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪೆನಿಗಳು ನೆಲೆಗೊಂಡು, ಜನರಿಂದ ಲಕ್ಷಾಂತರ ಪೌಂಡುಗಳನ್ನು ಸಂಗ್ರಹಿಸಿ, ಕೆಲವೇ ವರ್ಷಗಳಲ್ಲಿ ಒಂದರ ಹಿಂದೆ ಒಂದರಂತೆ ನಿರ್ನಾಮವಾದುವು. ಆ ಕಂಪೆನಿಗಳನ್ನು ನಡೆಯಿಸಿದವರ ಎದೆಗಾರಿಕೆ ಟೇಲರನ ಎದೆಗಾರಿಕೆಗಿಂತ ಕಡಿಮೆಯದಾಗಿತ್ತೆಂದು ಭಾವಿಸಲು ಕಾರಣವಿಲ್ಲ. ಅವರು ತೋಡಿದ ನೆಲದಡಿಯಲ್ಲಿ ಸಾಲುವಷ್ಟು ಚಿನ್ನವಿರಲಿಲ್ಲ, ಅಷ್ಟೆ. ಅವರ ಹೆಸರುಗಳನ್ನು ಇಂದು ಹೇಳುವವರಿಲ್ಲ.

ಕಳೆದ ಕಾಲು ಶತಮಾನದಲ್ಲಿ ಪೋಕರ್ ಎಂಬ ಇಸ್ಪೀಟಾಟವು ಟೆಲಿವಿಷನ್ನಿನ ಬಲದಿಂದ ಜಗತ್ತನ್ನು ವ್ಯಾಪಿಸಿದ ಬಗೆಯನ್ನೂ, ಅದರ ಅಲೆ ಕೊನೆಗೆ ಬಂಗಾರಪೇಟೆಯ ರೈಲು ನಿಲ್ದಾಣದವರೆಗೆ ಬಂದು ತಾಕಿದ ಬಗೆಯನ್ನೂ ವಿಚಾರಿಸುವಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ವೈನಾಡಿನ ಆ ಹೆಸರಿಲ್ಲದ ಕಂಪೆನಿಗಳ ಕಡೆಗೆ. ಗೆದ್ದವನ ಕಥೆಯನ್ನು ಮಾತ್ರ ಬೆಳಕಿಗೆ ಹಿಡಿದು, ಆ ಬೆಳಕಿನಲ್ಲಿ ಉಳಿದವರೆಲ್ಲರೂ ನಡೆಯಬಹುದೆಂದು ಹೇಳುವುದು ಹೊಸ ವಿದ್ಯೆಯೇನೂ ಅಲ್ಲ. ಆದರೆ ಟೆಲಿವಿಷನ್ ಅದಕ್ಕೆ ಕೊಟ್ಟಷ್ಟು ಶಕ್ತಿಯನ್ನು ಬೇರೆ ಯಾವ ಮಾಧ್ಯಮವೂ ಕೊಟ್ಟಿರಲಿಲ್ಲವೆಂಬುದು ನನ್ನ ನಂಬಿಕೆ.

ಪೋಕರಿನ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. ಇಂದು ಎಲ್ಲೆಡೆ ಆಡುವ ಟೆಕ್ಸಾಸ್ ಹೋಲ್ಡೆಮ್ ಎಂಬ ಪ್ರಕಾರದಲ್ಲಿ ಒಬ್ಬೊಬ್ಬ ಆಟಗಾರನಿಗೂ ಎರಡೆರಡು ಎಲೆಗಳನ್ನು ಕವುಚಿ ಹಾಕುತ್ತಾರೆ. ಅವನ್ನು ಅವನೊಬ್ಬನೇ ನೋಡತಕ್ಕದ್ದು. ಆಮೇಲೆ ಮೇಜಿನ ನಡುವೆ ಮೊದಲು ಮೂರು, ಅನಂತರ ಒಂದು, ಕೊನೆಗೆ ಮತ್ತೊಂದು ಹೀಗೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಬಿಡಿಸಿಡುತ್ತಾರೆ. ಈ ಏಳರಲ್ಲಿ ಅತ್ಯುತ್ತಮವಾದ ಐದರ ಕೈ ಯಾರದೋ ಅವರಿಗೆ ಹಣ. ಒಂದೊಂದು ಹಂತದಲ್ಲಿಯೂ ಪಣವನ್ನು ಏರಿಸಬಹುದು, ಸಮಗೊಳಿಸಬಹುದು, ಅಥವಾ ಎಲೆ ಚೆಲ್ಲಿ ಹಿಂದೆ ಸರಿಯಬಹುದು. ಕೈಯಲ್ಲಿ ಏನೂ ಇಲ್ಲದವನು ಎಲ್ಲವೂ ಇದ್ದವನಂತೆ ಪಣವೇರಿಸಿ ಎದುರಾಳಿಯನ್ನು ಹೆದರಿಸುವುದು ಆಟದ ಜೀವಾಳ.

ಇಂಥ ಆಟವನ್ನು ಹೊರಗೆ ಕುಳಿತು ನೋಡುವವನಿಗೆ ಅದರಲ್ಲಿ ಸ್ವಾರಸ್ಯವೇನಿದ್ದೀತು? ಗಂಭೀರ ಮುಖದ ಹತ್ತು ಮಂದಿ ಮೇಜಿನ ಸುತ್ತ ಕುಳಿತು ಬಿಲ್ಲೆಗಳನ್ನು ಮುಂದಕ್ಕೆ ತಳ್ಳುತ್ತಾರೆ. ಬಹುತೇಕ ಆಟಗಳಲ್ಲಿ ಒಬ್ಬನನ್ನುಳಿದು ಎಲ್ಲರೂ ಹಿಂದೆ ಸರಿದು ಎಲೆ ತೋರಿಸುವ ಪ್ರಸಂಗವೇ ಬರುವುದಿಲ್ಲ. ಲಾಸ್ ವೇಗಸ್ಸಿನ ಬಿನಿಯನ್ಸ್ ಹಾರ್ಸ್‌ಶೂ ಎಂಬ ಜೂಜುಮನೆಯಲ್ಲಿ 1970ರಲ್ಲಿಯೇ ಪೋಕರಿನ ವಿಶ್ವಸ್ಪರ್ಧೆ ಆರಂಭವಾಗಿ, ಅಮೆರಿಕದ ಟೆಲಿವಿಷನ್ನಿನವರು ಅದನ್ನು ಆಗಾಗ ತೋರಿಸಿದ್ದರೂ, ಮೂರು ದಶಕಗಳ ಕಾಲ ಅದು ಜನಸಾಮಾನ್ಯರ ಮನಸ್ಸನ್ನು ಹಿಡಿಯಲಾರದೆ ಹೋದುದು ಈ ಕಾರಣದಿಂದಲೇ.

ಆ ತೆರೆಯನ್ನು ಸರಿಸಿದವನು ಹೆನ್ರಿ ಓರೆನ್‌ಸ್ಟೈನ್. ಪೋಲೆಂಡಿನಲ್ಲಿ 1923ರಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕೈಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಐದು ಬಂದೀಶಿಬಿರಗಳನ್ನು ದಾಟಿ ಬದುಕಿದವನು. ಶಿಬಿರದಲ್ಲಿ ಒಂದು ದಿನ ವಿಜ್ಞಾನಿಗಳೂ ಗಣಿತಜ್ಞರೂ ಹೆಸರು ಕೊಡಬೇಕೆಂದು ಆಜ್ಞೆಯಾದಾಗ, ಗಣಿತದ ಉನ್ನತವಿದ್ಯೆಯ ಗಂಧವಿಲ್ಲದಿದ್ದರೂ ತನ್ನ ಹೆಸರನ್ನೂ ಒಡಹುಟ್ಟಿದವರ ಹೆಸರನ್ನೂ ಬರೆಯಿಸಿ, ಆ ಒಂದು ಸುಳ್ಳಿನ ಬಲದಿಂದ ಪ್ರಾಣವುಳಿಸಿಕೊಂಡನು. ಯುದ್ಧಾನಂತರ ಅಮೆರಿಕಕ್ಕೆ ಹೋಗಿ ಆಟಿಕೆಗಳ ನಿರ್ಮಾಪಕನಾಗಿ ಪ್ರಸಿದ್ಧಿ ಪಡೆದ ಈತನು, ಆಟಗಾರನ ಮುಂದಿನ ಮೇಜಿನ ಅಂಚಿನಲ್ಲಿ ಗಾಜನ್ನು ಕೂಡಿಸಿ ಅದರಡಿಯಲ್ಲಿ ಸಣ್ಣದೊಂದು ಕ್ಯಾಮರಾವನ್ನಿಟ್ಟರೆ ಕವುಚಿದ ಎಲೆಗಳು ಪ್ರೇಕ್ಷಕರಿಗೆ ಕಾಣುವುವೆಂದು ಯೋಚಿಸಿ, 1995ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಗಾಜಿನಡಿಯ ಕ್ಯಾಮರಾದ ಆಟ ಮೊದಲು ಜನಕ್ಕೆ ಕಂಡುದು ಬ್ರಿಟನ್ನಿನ ಚಾನೆಲ್ ಫೋರ್‌ನಲ್ಲಿ 1999ರಲ್ಲಿ ಬಂದ ‘ಲೇಟ್ ನೈಟ್ ಪೋಕರ್’ ಕಾರ್ಯಕ್ರಮದಲ್ಲಿ. 2003ರಲ್ಲಿ ಅಮೆರಿಕದ ಟ್ರಾವೆಲ್ ಚಾನೆಲ್ಲಿನ ‘ವರ್ಲ್ಡ್ ಪೋಕರ್ ಟೂರ್’ ಎಲೆಗಳ ಜೊತೆಗೆ ಒಬ್ಬೊಬ್ಬನ ಗೆಲವಿನ ಸಂಭಾವ್ಯತೆಯನ್ನೂ ಶೇಕಡಾ ಅಂಕೆಯಲ್ಲಿ ತೆರೆಯ ಮೇಲೆ ಬರೆಯತೊಡಗಿತು. ಈಗ ಗಾಜೂ ಬೇಕಿಲ್ಲ. ಎಲೆಯೊಳಗಡೆಯೇ ಅಡಗಿರುವ ಚಿಪ್ಪನ್ನು ಮೇಜೇ ಓದಿಬಿಡುತ್ತದೆ.

2003ರ ವಿಶ್ವಸ್ಪರ್ಧೆಯ ಅಂತಿಮ ಘಟ್ಟದ ಒಂದು ಆಟವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎದುರುಬದುರಾಗಿ ಉಳಿದವರು ಇಬ್ಬರು: ಒಬ್ಬನು ಸ್ಯಾಮ್ ಫಾರ್ಹಾ, ಅನುಭವಿ ಜೂಜುಗಾರ, ಇನ್ನೊಬ್ಬನು ಕ್ರಿಸ್ ಮನಿಮೇಕರ್, ಟೆನಿಸಿಯ 27 ವರ್ಷ ವಯಸ್ಸಿನ ಲೆಕ್ಕಪತ್ರದ ಗುಮಾಸ್ತೆ. 10,000 ಡಾಲರ್ ಪ್ರವೇಶಧನದ ಆ ಸ್ಪರ್ಧೆಗೆ ಇವನು ಅಂತರಜಾಲದಲ್ಲಿ 86 ಡಾಲರಿನ ಆಟವೊಂದನ್ನು ಗೆದ್ದು ಬಂದವನು. ಮನಿಮೇಕರನ ಕೈಯಲ್ಲಿದ್ದವು ಇಸ್ಪೀಟಿನ ರಾಜ, ಆಟೀನಿನ ಏಳು. ಫಾರ್ಹಾನ ಕೈಯಲ್ಲಿ ಇಸ್ಪೀಟಿನ ರಾಣಿ, ಆಟೀನಿನ ಒಂಬತ್ತು. ನಡುವೆ ಬಿದ್ದ ಎಲೆಗಳಲ್ಲಿ ಒಂಬತ್ತಿತ್ತಾದುದರಿಂದ ಫಾರ್ಹಾನಿಗೆ ಜೋಡಿಯಾಗಿತ್ತು. ಮನಿಮೇಕರನು ಇನ್ನೊಂದು ಇಸ್ಪೀಟು ಬಿದ್ದೀತೆಂದು ಕಾದನು, ಬೀಳಲಿಲ್ಲ. ಕೊನೆಯ ಎಲೆಯೂ ಬಿಚ್ಚಿಯಾದ ಮೇಲೆ ಅವನ ಕೈಯಲ್ಲಿ ಜೋಡಿಯೂ ಇಲ್ಲ, ಸಾಲೂ ಇಲ್ಲ, ರಂಗೂ ಇಲ್ಲ. ಅಂಥ ಕೈಯಲ್ಲಿ ಅವನು ತನ್ನ ಮುಂದಿದ್ದ ಬಿಲ್ಲೆಗಳನ್ನೆಲ್ಲ ಪಣಕ್ಕೊಡ್ಡಿದನು. ಫಾರ್ಹಾನು ಬಹಳ ಹೊತ್ತು ಎದುರಾಳಿಯ ಮುಖವನ್ನು ನೋಡಿದನು, ಏನೇನೋ ಮಾತನಾಡಿಸಿದನು, ಕೊನೆಗೆ ಗೆಲ್ಲುತ್ತಿದ್ದ ಎಲೆಗಳನ್ನು ಚೆಲ್ಲಿಬಿಟ್ಟನು. ಸ್ವಲ್ಪ ಹೊತ್ತಿನಲ್ಲೇ ಮನಿಮೇಕರನು ಸ್ಪರ್ಧೆಯನ್ನು ಗೆದ್ದು 25 ಲಕ್ಷ ಡಾಲರುಗಳಿಗೆ ಒಡೆಯನಾದನು.

ಇದನ್ನು ಮನೆಯಲ್ಲಿ ಕುಳಿತು ನೋಡಿದ ಪ್ರೇಕ್ಷಕನ ಸ್ಥಿತಿಯನ್ನು ಊಹಿಸಿಕೊಳ್ಳೋಣ. ಮನಿಮೇಕರನ ಕೈ ಬರಿದೆಂಬುದು ಅವನಿಗೆ ಗೊತ್ತು. ಫಾರ್ಹಾನು ಸರಿಯಬಾರದೆಂಬುದೂ ಗೊತ್ತು. ಮೇಜಿನ ಸುತ್ತಲಿರುವ ಯಾವ ಪಂಡಿತನಿಗೂ ಇಲ್ಲದ ಸರ್ವಜ್ಞತ್ವವನ್ನು ಆ ಗಾಜಿನಡಿಯ ಕ್ಯಾಮರಾ ಅವನಿಗೆ ದಯಪಾಲಿಸಿದೆ. ‘ಅಯ್ಯೋ, ಅಷ್ಟೂ ತಿಳಿಯಲಿಲ್ಲವೇ, ನಾನಾಗಿದ್ದರೆ ಬಿಡುತ್ತಿರಲಿಲ್ಲ’ ಎಂಬ ಭಾವನೆ ಅಲ್ಲಿ ಹುಟ್ಟದಿದ್ದರೆ ಆಶ್ಚರ್ಯ. ಪೋಕರನ್ನು ಲೋಕಪ್ರಿಯವಾಗಿಸಿದುದು ಮನಿಮೇಕರನ ಗೆಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ನೋಡುವವನಿಗೆ ತಾನೂ ಬಲ್ಲೆನೆಂಬ ಭ್ರಾಂತಿಯನ್ನು ಕೊಟ್ಟ ಆ ಯಂತ್ರವಿಲ್ಲದಿದ್ದರೆ ಆ ಗೆಲವು ವೃತ್ತಪತ್ರಿಕೆಯ ಮೂಲೆಯ ಸುದ್ದಿಯಾಗಿಯೇ ಉಳಿಯುತ್ತಿತ್ತು. ಆ ವರ್ಷ ಸ್ಪರ್ಧೆಗೆ ಬಂದಿದ್ದವರು 839 ಮಂದಿ; ಮರುವರ್ಷ 2,576; 2006ರಲ್ಲಿ 8,773. ಇಷ್ಟು ಜನರಲ್ಲಿ ಪ್ರತಿಯೊಬ್ಬನೂ ಮೇಜಿನೆದುರು ಕುಳಿತಾಗ ಅವನಿಗೆ ಕಾಣಿಸಿದುದು ತನ್ನವೇ ಆದ ಎರಡು ಎಲೆಗಳು ಮಾತ್ರ.

ಟೆಲಿವಿಷನ್ ಮರೆಮಾಡಿದುದು ಇನ್ನೊಂದಿದೆ: ಕಾಲ. 52 ಎಲೆಗಳಲ್ಲಿ ಎರಡೆಲೆಗಳ ಕೈ 1,326 ಬಗೆಯಲ್ಲಿ ಬರಬಹುದು. ಎಕ್ಕದ ಜೋಡಿ ಬರುವುದು ಸರಾಸರಿ 221 ಕೈಗಳಿಗೊಮ್ಮೆ. ಬಲ್ಲ ಆಟಗಾರನು ತನಗೆ ಬಂದ ಕೈಗಳಲ್ಲಿ ಹೆಚ್ಚಿನವನ್ನು ಆಡದೆಯೇ ಚೆಲ್ಲುತ್ತಾನೆ. ಗಂಟೆಗಟ್ಟಲೆ ಎಲೆ ಚೆಲ್ಲುತ್ತ ಕುಳಿತಿರುವ ಮನುಷ್ಯನನ್ನು ಯಾರು ತೋರಿಸುತ್ತಾರೆ, ಯಾರು ನೋಡುತ್ತಾರೆ? ದಿನಗಳ ಆಟವನ್ನು ಒಂದು ಗಂಟೆಗೆ ಕತ್ತರಿಸಿದಾಗ ಉಳಿಯುವುದು ಎಕ್ಕಗಳೂ ರಾಜರೂ ಸರ್ವಸ್ವದ ಪಣವೂ. ತಾಳ್ಮೆಯೇ ಮುಖ್ಯವಾದ ಆಟವನ್ನು ಧೈರ್ಯವೇ ಮುಖ್ಯವಾದ ಆಟವೆಂದು ತೋರಿಸಿದುದರಲ್ಲಿ ಆ ಕಾರ್ಯಕ್ರಮಗಳ ದೊಡ್ಡ ಅಪರಾಧವಿದೆಯೆಂದು ನಾನು ತಿಳಿದಿದ್ದೇನೆ.

ಇಸ್ಪೀಟು ನಮ್ಮ ನಾಡಿಗೆ ಪರಕೀಯವಾದುದಲ್ಲ. ಜೂಜಿನಲ್ಲಿ ಸೋತವನ ಗೋಳನ್ನು ಋಗ್ವೇದದ ಅಕ್ಷಸೂಕ್ತವೇ ಹೇಳಿದೆ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯನ ಕಥೆಯನ್ನು ಕುಮಾರವ್ಯಾಸನಿಂದ ಕೇಳದ ಊರು ಕನ್ನಡನಾಡಿನಲ್ಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ದೇವತೆಗಳ ಚಿತ್ರವಿರುವ ಗಂಜೀಫ ಎಲೆಗಳ ಆಟಗಳನ್ನು ತಾವೇ ಕಲ್ಪಿಸಿ, ಅವುಗಳ ಕ್ರಮವನ್ನು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬರೆಯಿಸಿದರು. ಕೆ.ಜಿ.ಎಫ್.ನಲ್ಲಿಯಾದರೋ ಗಣಿಯ ದೊರೆಗಳಿಗೆ ಅವರ ಕ್ಲಬ್ಬಿತ್ತು, ಗಾಲ್ಫ್ ಬಯಲಿತ್ತು. ಉತ್ತರ ಆರ್ಕಾಟು, ಚಿತ್ತೂರು, ಕೋಲಾರದ ಹಳ್ಳಿಗಳಿಂದ ಬಂದ ಕೂಲಿಗಾರರಿಗೆ ತಟ್ಟಿಗೋಡೆಯ ಲೈನುಮನೆಗಳಿದ್ದವು. ಎರಡೂ ಕಡೆಗಳಲ್ಲಿ ಎಲೆಗಳು ಓಡಾಡಿದುದರಲ್ಲಿ ವಿಶೇಷವಿಲ್ಲ. ಭೂಮಿಯ ಮೂರು ಕಿಲೋಮೀಟರಿಗೂ ಆಳದಲ್ಲಿ, ಬಂಡೆ ಯಾವ ಗಳಿಗೆಯಲ್ಲಿ ಸಿಡಿಯುವುದೋ ತಿಳಿಯದ ಚಾಂಪಿಯನ್ ರೀಫಿನ ಕತ್ತಲೆಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವನು ಗೆಳೆಯರೊಡನೆ ಕುಳಿತು ನಾಲ್ಕು ಕೈ ರಮ್ಮಿ ಆಡಿದರೆ ಅದನ್ನು ದುಶ್ಚಟವೆನ್ನಲು ನನಗೆ ಮನಸ್ಸು ಬಾರದು.

ಇಂದಿಗೂ ಮಾರಿಕುಪ್ಪದಿಂದ ಹೊರಡುವ ಬೆಳಗಿನ ರೈಲುಗಳಲ್ಲಿ ಆ ಆಟವನ್ನು ಕಾಣಬಹುದು. ಗಣಿ ಮುಚ್ಚಿದ ಮೇಲೆ ಈ ಊರಿನ ಮಕ್ಕಳು ಅನ್ನಕ್ಕಾಗಿ ಬೆಂಗಳೂರಿಗೆ ಹೋಗಿ ಬರತೊಡಗಿದರು. ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಂಗಾರಪೇಟೆ, ಟೇಕಲ್, ಮಾಲೂರು, ವೈಟ್‌ಫೀಲ್ಡ್ ಎಂದು ನಿಲ್ದಾಣಗಳು ಸರಿಯುವ ಆ ದಾರಿಯಲ್ಲಿ ಹೋಗುತ್ತ ಬರುತ್ತ ದಿನದ ನಾಲ್ಕೈದು ಗಂಟೆಗಳು ಕಳೆದುಹೋಗುತ್ತವೆ. ಎದುರುಬದುರು ಕುಳಿತವರು ಮೊಣಕಾಲುಗಳ ಮೇಲೆ ಟವಲನ್ನೋ ಹಳೆಯ ಪೇಪರನ್ನೋ ಹಾಸುತ್ತಾರೆ. ಒಬ್ಬನು ಎಲೆ ಕಲಸುತ್ತಾನೆ, ಪಕ್ಕದವನು ಕಟ್ ಮಾಡುತ್ತಾನೆ, ಹದಿಮೂರು ಎಲೆ ಹಂಚಿ ಜೋಕರನ್ನು ತಿರುವಿಡುತ್ತಾರೆ. ಕನ್ನಡ, ತಮಿಳು, ತೆಲುಗುಗಳು ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಕಿಟಕಿಯ ಬದಿಯವನು ಚೀಟಿಯಲ್ಲಿ ಪಾಯಿಂಟ್ ಬರೆಯುತ್ತಾನೆ; ಫುಲ್ ಕೌಂಟ್ ಕೊಟ್ಟವನನ್ನು ಮಾಲೂರಿನವರೆಗೂ ಹಾಸ್ಯ ಮಾಡುತ್ತಾರೆ; ಸೋತವನ ಪಾಲಿಗೆ ಬರುವುದು ಎಲ್ಲರ ಚಹಾದ ಹಣ. ಇಲ್ಲಿ ಸೋಲಿಗೊಂದು ಎಲ್ಲೆಯುಂಟು, ಸೋತವನ ಮುಖವನ್ನು ನೋಡುವ ಜೊತೆಗಾರರುಂಟು. ಇಂದು ಸಾಕು ಬಿಡಪ್ಪಾ ಎನ್ನುವ ಹಿರಿಯರೊಬ್ಬರು ಗುಂಪಿನಲ್ಲಿ ಇದ್ದೇ ಇರುತ್ತಾರೆ.

ಅದೇ ಡಬ್ಬಿಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಒಬ್ಬನೇ ಎಲೆಯಾಡುತ್ತಿದ್ದ ಹುಡುಗನಿಗೆ ಇವು ಯಾವುವೂ ಇರಲಿಲ್ಲ. ನಮ್ಮ ದೇಶಕ್ಕೆ ಪೋಕರು ಬಂದ ದಾರಿ ಅಮೆರಿಕದ ದಾರಿಗಿಂತ ತುಸು ಭಿನ್ನ. ಅಲ್ಲಿ ಟೆಲಿವಿಷನ್ ಆಟವನ್ನು ತೋರಿಸಿತು. ಇಲ್ಲಿ ಹೆಚ್ಚಾಗಿ ತೋರಿಸಿದುದು ಆಟದ ಜಾಹೀರಾತನ್ನು. ಕ್ರಿಕೆಟ್ಟಿನ ಓವರುಗಳ ನಡುವೆ, ಧಾರಾವಾಹಿಗಳ ನಡುವೆ ಸಿನಿಮಾ ನಟರೂ ಆಟಗಾರರೂ ಬಂದು ರಮ್ಮಿ, ಪೋಕರು, ಫ್ಯಾಂಟಸಿ ಕ್ರಿಕೆಟ್ಟುಗಳಿಗೆ ಕರೆದರು, 2020ರ ಐ.ಪಿ.ಎಲ್.ಗೆ ಫ್ಯಾಂಟಸಿ ಆಟದ ಕಂಪೆನಿಯೊಂದರ ಹೆಸರೇ ಶೀರ್ಷಿಕೆಯಾಯಿತು. ಜಾಹೀರಾತು ಮಾನದಂಡಗಳ ಮಂಡಳಿಯು ಅದೇ ವರ್ಷದ ಡಿಸೆಂಬರ್ 15ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಈ ಆಟದಲ್ಲಿ ಹಣದ ಅಪಾಯವುಂಟು, ಚಟವಾಗಬಹುದು ಎಂಬ ಎಚ್ಚರಿಕೆಯನ್ನು ಹೇಳತಕ್ಕದ್ದಾಯಿತು. ಇದನ್ನು ಸಂಪಾದನೆಯ ಮಾರ್ಗವೆಂದು ತೋರಿಸಕೂಡದೆಂದೂ ಆಯಿತು. ಜಾಹೀರಾತಿನವರು ಎಚ್ಚರಿಕೆಯನ್ನು ಓದಿದರು. ಆದರೆ ನಗುವ ನಟನ ಮುಖವೂ ಗೆದ್ದ ಲಕ್ಷಗಳ ಅಂಕೆಯೂ ಕಣ್ಣಲ್ಲಿ ನಿಂತ ಮೇಲೆ ಆ ಒಂದು ವಾಕ್ಯವು ಎಷ್ಟು ಮಂದಿಯ ಕಿವಿಯನ್ನು ಮುಟ್ಟಿತೋ ದೇವರೇ ಬಲ್ಲ.

ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಬರುವ ರೈಲು ಹಾದಿ ಈ ವಿಷಯದಲ್ಲಿ ನಮ್ಮ ಕಾನೂನುಗಳ ಪರಿಸ್ಥಿತಿಯನ್ನು ಚೆನ್ನಾಗಿ ಕಾಣಿಸಿಕೊಡುತ್ತದೆ. ಜೋಲಾರ್‌ಪೇಟೆ ತಮಿಳುನಾಡು, ಅಲ್ಲಿಂದ ಮುಂದೆ ಕುಪ್ಪಂ ಆಂಧ್ರ, ಕುಪ್ಪಂ ದಾಟಿ ಕಾಮಸಮುದ್ರಕ್ಕೆ ಬಂದರೆ ಕರ್ನಾಟಕ, ಅದರ ಮುಂದೆ ಬಂಗಾರಪೇಟೆ. ಆಂಧ್ರವು 2020ರ ಸೆಪ್ಟೆಂಬರಿನಲ್ಲಿ ಆನ್‌ಲೈನ್ ರಮ್ಮಿ, ಪೋಕರುಗಳನ್ನು ನಿಷೇಧಿಸಿತು. ತಮಿಳುನಾಡು ಅದೇ ವರ್ಷದ ನವೆಂಬರಿನಲ್ಲಿ ನಿಷೇಧಿಸಿತು. 2021ರ ಆಗಸ್ಟಿನಲ್ಲಿ ಮದರಾಸು ಹೈಕೋರ್ಟು ಅದನ್ನು ರದ್ದುಮಾಡಿತು. ಕರ್ನಾಟಕವು 1963ರ ಪೊಲೀಸು ಅಧಿನಿಯಮಕ್ಕೆ ತಿದ್ದುಪಡಿ ತಂದು 2021ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಆ ಬಾಗಿಲನ್ನು ಮತ್ತೆ ತೆರೆಯಿತು. ಫೋನಿನಲ್ಲಿದ್ದ ಆಟವು ಆಡುವವನು ಯಾವ ರಾಜ್ಯದಲ್ಲಿದ್ದಾನೆಂದು ನೋಡಿಯೇ ಎಲೆ ಹಾಕುತ್ತಿದ್ದುದರಿಂದ, ಒಂದು ಋತುವಿನಲ್ಲಿ ಕುಪ್ಪದಲ್ಲಿ ಅಪರಾಧವಾದುದು ಕಾಮಸಮುದ್ರದಲ್ಲಿ ಹಕ್ಕಾಗಿತ್ತು, ಇನ್ನೊಂದು ಋತುವಿನಲ್ಲಿ ಬಂಗಾರಪೇಟೆಯಲ್ಲಿ ನಿಂತುಹೋದುದು ಜೋಲಾರ್‌ಪೇಟೆಯಲ್ಲಿ ನಡೆಯುತ್ತಿತ್ತು.

ಇದೆಲ್ಲಕ್ಕೂ ಆಧಾರವಾದುದು ಕೌಶಲದ ಆಟವೇ, ಅದೃಷ್ಟದ ಆಟವೇ ಎಂಬ ವಾದ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ 1968ರಲ್ಲಿಯೇ ಹೇಳಿದೆ. ಕರ್ನಾಟಕದ ಪೊಲೀಸು ಅಧಿನಿಯಮದಲ್ಲಿಯೂ ಕೌಶಲದ ಆಟಕ್ಕೆ ವಿನಾಯಿತಿಯಿದೆ; ಪೋಕರಿನವರು ಅದನ್ನೇ ಹಿಡಿದು 2013ರಲ್ಲಿ ಹೈಕೋರ್ಟಿನ ಮೆಟ್ಟಲೇರಿದರು. ಪೋಕರಿನಲ್ಲಿ ಕೌಶಲವಿದೆ ಎಂಬುದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಸಂಭಾವ್ಯತೆಯ ಗಣಿತವನ್ನೂ ಮನುಷ್ಯಸ್ವಭಾವವನ್ನೂ ಒಟ್ಟಿಗೆ ಬಲ್ಲವನಿಗಲ್ಲದೆ ಅದು ಒಲಿಯುವುದಿಲ್ಲ. ಆದರೆ ಆ ಕೌಶಲವು ಅದೃಷ್ಟವನ್ನು ಮೀರಿ ಫಲ ಕೊಡಬೇಕಾದರೆ ಸಾವಿರಾರು ಕೈಗಳನ್ನು ಆಡಬೇಕು, ಅಷ್ಟು ಕಾಲ ಸೋಲನ್ನು ತಾಳುವ ಹಣವಿರಬೇಕು. ಕೌಶಲವುಳ್ಳವನು ಗೆಲ್ಲುವುದು ಯಾರಿಂದ? ಕೌಶಲವಿಲ್ಲದವನಿಂದಲೇ. ಇಬ್ಬರ ನಡುವೆ ಪ್ರತಿಯೊಂದು ಪಣದಲ್ಲೂ ತನ್ನ ಅಂಶವನ್ನು ಎತ್ತಿಕೊಳ್ಳುವ ಕಂಪೆನಿಗೆ ಮಾತ್ರ ಅದೃಷ್ಟದ ಹಂಗಿಲ್ಲ. ತಿಂಗಳ ಸಂಬಳವನ್ನಷ್ಟೇ ಕೈಯಲ್ಲಿ ಹಿಡಿದಿರುವ ಊರಿಗಾಮಿನ ಯುವಕನಿಗೆ ನ್ಯಾಯಾಲಯಗಳಲ್ಲಿ ಗೆದ್ದ ಈ ‘ಕೌಶಲ’ದಿಂದ ದೊರೆತ ರಕ್ಷಣೆ ಏನು?

ಹೀಗೆ ಕೇಳುವಾಗ ನನ್ನ ಮನಸ್ಸಿನಲ್ಲಿರುವುದು ಈ ಊರಿನ ಇತ್ತೀಚಿನ ಚರಿತ್ರೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡು ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಬೆಳಗಿದ ಪಟ್ಟಣವಿದು. ಗಣಿ ಮುಚ್ಚಿದಾಗ ಕಾರ್ಮಿಕರಿಗೆ ಎಸ್.ಟಿ.ಬಿ.ಪಿ. ಎಂಬ ಹೆಸರಿನಲ್ಲಿ ಸಿಗಬೇಕಾದ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದಾಟವಾಯಿತು. ಸೈನೈಡ್ ಗುಡ್ಡಗಳ ಧೂಳು ಗಾಳಿಗೆದ್ದು ಮನೆಗಳನ್ನು ತುಂಬುತ್ತಿರುವಾಗಲೇ, ಅದೇ ಗುಡ್ಡಗಳ ಮೇಲೆ ಚಿತ್ರೀಕರಣವಾಗಿ 2018ರಲ್ಲಿ ತೆರೆಕಂಡ ಸಿನಿಮಾ ಊರಿನ ಹೆಸರನ್ನು ದೇಶದ ತುಂಬ ಹರಡಿತು. ಇಂಥ ಕಡೆಯಲ್ಲಿ ದುಡಿಮೆಗೂ ಪ್ರತಿಫಲಕ್ಕೂ ನಡುವಿನ ಸಂಬಂಧ ಸಡಿಲವಾಗಿದೆಯೆಂದು ಒಬ್ಬ ತರುಣನಿಗೆ ತೋರಿದರೆ ಅವನನ್ನು ದೂರುವುದು ನ್ಯಾಯವಲ್ಲ. ಒಂದೇ ಕೈಯಲ್ಲಿ ಬದುಕು ತಿರುಗೀತೆಂಬ ಮಾತು ಬೇರೆ ಊರುಗಳಲ್ಲಿ ಕೇಳಿಸುವುದಕ್ಕಿಂತ ಇಲ್ಲಿ ಗಟ್ಟಿಯಾಗಿ ಕೇಳಿಸಿತು.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ದೇಶಾದ್ಯಂತ ನಿಷೇಧಿಸುವ ಅಧಿನಿಯಮವನ್ನು ಎರಡೇ ದಿನಗಳಲ್ಲಿ ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಗಳವರೆಗೆ ದಂಡ; ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡುವವನನ್ನು ಅದು ಅಪರಾಧಿಯೆಂದು ಎಣಿಸುವುದಿಲ್ಲ. ಈ ವಿವೇಕಕ್ಕಾಗಿ ಆ ಶಾಸನವನ್ನು ಮೆಚ್ಚಬೇಕು. ದೊಡ್ಡ ಕಂಪೆನಿಗಳು ಹಣದಾಟಗಳನ್ನು ನಿಲ್ಲಿಸಿದುವು. ಅವುಗಳಲ್ಲೊಂದು ಕರ್ನಾಟಕ ಹೈಕೋರ್ಟಿಗೆ ಹೋಯಿತು. ಇಲ್ಲಿನ ಮತ್ತು ಬೇರೆ ಹೈಕೋರ್ಟುಗಳ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರಿನಲ್ಲಿ ತನ್ನಲ್ಲಿಗೇ ತರಿಸಿಕೊಂಡಿತು.

ನಿಷೇಧವೊಂದರಿಂದ ಎಲ್ಲವೂ ಸರಿಹೋಗುವುದೆಂಬ ಭರವಸೆ ನನಗಿಲ್ಲ. ಪರದೇಶಗಳಲ್ಲಿ ಕುಳಿತು ಆಡಿಸುವವರನ್ನು ತಡೆಯುವುದು ಸುಲಭವಲ್ಲ, ನಮ್ಮ ಲಾಟರಿ ನಿಷೇಧದ ಅನುಭವವೂ ಮುಂದಿದೆ. ಆದರೆ ಒಂದು ಕೆಲಸವನ್ನು ಟೆಲಿವಿಷನ್ನಿನವರೇ ಮಾಡಬಹುದು. ಇಪ್ಪತ್ತೈದು ವರ್ಷ ಗೆದ್ದವರ ಎಲೆಗಳನ್ನು ಗಾಜಿನಡಿಯಿಂದ ತೋರಿಸಿದ ಅದೇ ಕ್ಯಾಮರಾ, ಸೋತವನೊಬ್ಬನ ಒಂದು ವರ್ಷದ ಲೆಕ್ಕವನ್ನು ಅವನ ಹೆಸರು ಹೇಳದೆ ಅಷ್ಟೇ ಸ್ಪಷ್ಟವಾಗಿ ತೋರಿಸಲಿ: ಹಾಕಿದುದೆಷ್ಟು, ಬಂದುದೆಷ್ಟು, ಕಂಪೆನಿ ಮುರಿದುಕೊಂಡುದೆಷ್ಟು, ಯಾವ ತಿಂಗಳಿನಲ್ಲಿ ಗಿರವಿ ಅಂಗಡಿಗೆ ಹೋದುದು. ಕನ್ನಡದ ಯಾವುದಾದರೊಂದು ವಾಹಿನಿ ಅಂಥ ಒಂದು ಗಂಟೆಯ ಕಾರ್ಯಕ್ರಮವನ್ನು ಕ್ರಿಕೆಟ್ ಋತುವಿನ ಒಂದು ಸಂಜೆ, ಜನ ತಪ್ಪದೆ ಟಿ.ವಿ.ಯ ಮುಂದೆ ಕೂರುವ ಹೊತ್ತಿಗೆ ಪ್ರಸಾರ ಮಾಡಲಿ.